ಎಡಗಣ್ಣಿನ ಎಳ್ಳು

ನಮ್ಮ ಅತ್ತೆ ಸಾವಿತ್ರೆವ್ವನವರ ಸಿಟ್ಟು ಕುಂದಗೋಳದ ಸಂತೆಯವರೆಗೂ ಹೆಸರಾದದ್ದು. ಮೂವತ್ತೆರಡು ವರ್ಷ ಖಾರ ಕುಟ್ಟುವ ಗಿರಣಿ ನಡೆಸಿದವರು ಅವರು. ಪಾಳಿ ಬಿಟ್ಟು ಮುಂದೆ ನುಗ್ಗಿದವನ ಮೆಣಸಿನಕಾಯಿ ಚೀಲವನ್ನು, ಅವನು ಪಂಚಾಯತಿ ಮೆಂಬರ್ ಆಗಿದ್ದರೂ ಬಿಡದೆ, ಬೀದಿಗೆ ಎಳೆದು ಹಾಕಿದ್ದಾರೆ. ನನ್ನ ಮದುವೆ ಗೊತ್ತಾದಾಗ ತವರಿನಲ್ಲಿ ನನ್ನ ಚಿಗವ್ವ, "ಹುಡುಗ ಅಗದಿ ಶಾಣ್ಯಾ ಅದಾನ, ಆದ್ರ ಅವರವ್ವ ತಾ ಕುಟ್ಟೂ ಖಾರಕ್ಕಿಂತ ಖಾರ ಅದಾಳ" ಅಂದಿದ್ದಳು. ಬಂದ ಮೇಲೆ ನನಗೆ ತಿಳಿದದ್ದು ಇಷ್ಟು: ಅತ್ತೆಯ ಸಿಟ್ಟಿಗೆ ಯಾವಾಗಲೂ ಒಂದು ಕಾರಣ ಇರುತ್ತದೆ, ನನ್ನ ಸಿಟ್ಟಿಗೆ ಒಮ್ಮೊಮ್ಮೆ ಇರುವುದಿಲ್ಲ. ಹೀಗಾಗಿ ನಮ್ಮಿಬ್ಬರಿಗೂ ಹೊಂದಿಕೆಯಾಯಿತು. ನಡುವೆ ಸಿಕ್ಕ ನನ್ನ ಗಂಡ ಈರೇಶ ಮಾತ್ರ ದಿನದಿನಕ್ಕೆ ಮೆತ್ತಗಾಗಿದ್ದಾರೆ.

ಅತ್ತೆಗೆ ಈಗ ಎಪ್ಪತ್ತು. ಅವರದು ಬೆಕ್ಕಿನ ಕಣ್ಣು. ಬಿಸಿಲಿಗೆ ಬಂದರೆ ಜೇನಿನ ಬಣ್ಣ, ನೆರಳಿಗೆ ಹೋದರೆ ಬೂದಿಯ ಬಣ್ಣ. ಎಡಗಣ್ಣಿನ ಪಾಪೆಯ ಬಾಜುವಿನಲ್ಲಿ ಎಳ್ಳುಕಾಳಿನಷ್ಟು ಒಂದು ಕರಿ ಚುಕ್ಕೆ ಇದೆ. ಖಾರದ ಘಾಟಿಗೆ ಕಣ್ಣು ಕೆಟ್ಟಿತೇನೋ ಎಂದು ನಾನೇ ಒಮ್ಮೆ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರು ದೀಪ ಹಿಡಿದು ನೋಡಿ, ಇದು ಹುಟ್ಟಿನಿಂದ ಬಂದದ್ದು, ಮೈಮೇಲೆ ಮಚ್ಚೆ ಇರುವ ಹಾಗೆ, ಏನೂ ಮಾಡಬೇಕಾಗಿಲ್ಲ ಎಂದರು. ಅತ್ತೆ, "ಅದನ್ನ ಹೇಳಾಕ ಇಷ್ಟೊತ್ತು ಕುಂದ್ರಸಿದ್ರೇನು" ಎಂದು ಅವರಿಗೂ ಬೈದು ಎದ್ದರು.

ಆ ಚುಕ್ಕೆಯ ಸಲುವಾಗಿ ಹೋದ ಜನವರಿಯಲ್ಲಿ ನಡೆದದ್ದನ್ನು ಬರೆಯಬೇಕು. ಬರೆಯದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ.

ನಾನು ನಮ್ಮೂರ ಸರಕಾರಿ ಶಾಲೆಯಲ್ಲಿ ಐದನೇ ಇಯತ್ತೆಗೆ ಕಲಿಸುತ್ತೇನೆ. ಒಂದು ದಿನ ಶಾಲೆಗೆ ನುಣುಪು ಕಾಗದದ ಕರಪತ್ರಗಳ ಕಟ್ಟು ಬಂತು. ಮೇಲೋಣಿಯ ಗೌಡರ ವಾಡೆ ವಸ್ತುಸಂಗ್ರಹಾಲಯವಾಗಿದೆ, ಅಲ್ಲಿ "ಮನೆತನದ ಮುಖಗಳು" ಎಂಬ ತೈಲಚಿತ್ರಗಳ ಪ್ರದರ್ಶನ ಶುರುವಾಗಿದೆ, ಮಕ್ಕಳನ್ನು ಕರೆತನ್ನಿ ಎಂದು ಅದರಲ್ಲಿತ್ತು. ಆ ವಾಡೆ, ಅಂದರೆ ಗೌಡರ ಹಳೆಯ ದೊಡ್ಡಮನೆ, ಇಪ್ಪತ್ತು ವರ್ಷ ಬಾವಲಿಗಳ ವಶದಲ್ಲಿತ್ತು. ಅಂಥದ್ದಕ್ಕೆ ಗೌಡರ ಮೊಮ್ಮಗ ಪ್ರಭುಗೌಡ ಒಂದು ಟ್ರಸ್ಟು ಮಾಡಿ, ಕಂಬಗಳಿಗೆ ಪಾಲಿಶ್ ಹೊಡೆಸಿ, ಬಾಗಿಲಿಗೆ ಟಿಕೆಟ್ ಮೇಜು ಹಾಕಿದ್ದ. ಕರಪತ್ರದ ಮುಖಪುಟದಲ್ಲಿ ಅವನ ಅಜ್ಜ ಅಂದಾನೆಪ್ಪಗೌಡರ ಚಿತ್ರ. ತಲೆಗೆ ರುಮಾಲು, ಹಣೆಗೆ ವಿಭೂತಿ, ತಿರುವಿದ ಮೀಸೆ. ಕೆಳಗೆ ಎರಡು ಸಾಲು: "ಗೌಡರ ಎಡಗಣ್ಣಿನ ಚುಕ್ಕೆಯನ್ನು ಗಮನಿಸಿ. ಇದು ಈ ಮನೆತನದ ರಕ್ತದ ಗುರುತು."

ನಾನು ಅದನ್ನು ಸೀದಾ ಗಿರಣಿಗೆ ಒಯ್ದೆ. ಅತ್ತೆ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದರು. ಕೈ ಒರೆಸಿಕೊಂಡು, ಅಕ್ಷರಗಳ ಕೆಳಗೆ ಬೆರಳು ಸರಿಸುತ್ತ ಓದಿದರು. ಮೂರನೇ ಇಯತ್ತೆಗೆ ಶಾಲೆ ಬಿಟ್ಟವರು, ಅವಸರದಿಂದ ಓದಲು ಬರುವುದಿಲ್ಲ. ಬೆರಳು ಕೊನೆಯ ಸಾಲಿಗೆ ಬಂದು ನಿಂತಿತು.

"ಈರ್‍ಯಾ, ಮಸೀನ್ ಬಂದ್ ಮಾಡೊ" ಅಂದರು. ಮಶೀನು ನಿಂತಿತು. ಸುಗ್ಗಿಯ ದಿನ, ಹೊರಗೆ ಹನ್ನೊಂದು ಚೀಲ ಪಾಳಿಯಲ್ಲಿದ್ದವು. ಪಾಳಿಯವರು ತಮ್ಮ ತಮ್ಮ ಚೀಲದ ಮೇಲೆ ಕೂತರು.

"ನಂದಾ, ಇದನ್ನ ಜೋರಲೆ ಓದು."

ನಾನು ಓದಿದೆ.

"ಗುರ್ತು ಅಂತ ಗುರ್ತು. ಕಳ್ಳ ಸೂಳೇಮಕ್ಳು" ಅಂದರು ಅತ್ತೆ. "ಐತವಾರ ನಡೀ, ಹೋಗೂಣು."

ಅತ್ತೆ ಅಂದಾನೆಪ್ಪಗೌಡರ ಮಗಳು. ಇದು ಊರಿಗೆಲ್ಲ ಗೊತ್ತು, ವಾಡೆಯವರಿಗೆ ಮಾತ್ರ ಅರವತ್ತೊಂದು ವರ್ಷದಿಂದ ಗೊತ್ತಿಲ್ಲ. ಗೌಡರಿಗೆ ವಾಡೆಯಲ್ಲಿ ಹೆಂಡತಿ ಇದ್ದಳು, ಕುಬೇರಪ್ಪ ಎಂಬ ಮಗನಿದ್ದ. ಹೀಗಿದ್ದೂ ಗೌಡರು ಕೆಳಗೋಣಿಯ ಲಕ್ಷ್ಮವ್ವ ಎಂಬ ವಿಧವೆಯನ್ನು ಉಡಿಕಿ ಮಾಡಿಕೊಂಡರು. ಉಡಿಕಿ ಎಂದರೆ ಬಾಜಾಬಜಂತ್ರಿ ಇಲ್ಲದೆ, ನಾಲ್ಕು ಹಿರಿಯರ ಮುಂದೆ ಹೊಸ ಸೀರೆ ಉಡಿಸಿ ಮಾಡಿಕೊಳ್ಳುವ ಮರುಮದುವೆ. ಅದೂ ಮದುವೆಯೇ. ಆದರೆ ಆ ನಾಲ್ಕೂ ಹಿರಿಯರು ವಾಡೆಯ ಹೊಲ ಮಾಡಿಕೊಂಡಿದ್ದವರು. ಗೌಡರು ಮಣ್ಣಾದ ಮರುದಿನ ಅವರೆಲ್ಲರಿಗೂ ಒಟ್ಟಿಗೇ ಮರೆವು ಬಂತು. ಆಗ ಅತ್ತೆಗೆ ಎಂಟು ವರ್ಷ.

ಆ ಮೇಲಿನ ಕಥೆಯಲ್ಲಿ ನನಗೆ ಅರ್ಧ ಮಾತ್ರ ಗೊತ್ತಿತ್ತು. ಉಳಿದರ್ಧವನ್ನು ಅತ್ತೆ ಆ ಸಂಜೆ ಅಡುಗೆಮನೆಯಲ್ಲಿ ಹೇಳಿದರು, ರೊಟ್ಟಿ ಬಡಿಯುತ್ತ. ಹೇಳುತ್ತ ಹೇಳುತ್ತ ಬಡಿತ ಜೋರಾಗಿ ಎರಡು ರೊಟ್ಟಿ ಹರಿದವು.

ಅಂದಾನೆಪ್ಪಗೌಡರು ಬದುಕಿದ್ದಾಗ ಫೋಟೋ ತೆಗೆಸಿದವರಲ್ಲ. ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂಬ ಹೆದರಿಕೆ. ಅವರದು ಇದ್ದದ್ದು ಒಂದೇ ಫೋಟೋ, ಅದೂ ಸತ್ತ ಮೇಲಿನದು. ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಹಚ್ಚಿ, ರುಮಾಲು ಸುತ್ತಿ, ಹಾರ ಹಾಕಿ ಪೂಜೆ ಮಾಡುತ್ತಾರೆ. ಹಾಗೆ ಕೂರಿಸಿದಾಗ ಹುಬ್ಬಳ್ಳಿಯಿಂದ ಬಂದವನೊಬ್ಬ ತೆಗೆದ ಫೋಟೋ ಅದು. ಕೂತಲ್ಲೇ ಜೊಂಪು ಹತ್ತಿದವರ ಹಾಗೆ ಗೌಡರು ಕಣ್ಣು ಮುಚ್ಚಿದ್ದರು.

ವರ್ಷದ ತಿಥಿಗೆ ದೊಡ್ಡ ಚಿತ್ರ ಬರೆಸಬೇಕೆಂದು ಅಣ್ಣಿಗೇರಿಯಿಂದ ಕುತುಬುದ್ದೀನ ಪೇಂಟರನನ್ನು ಕರೆಸಿದರು. ಅವನು ಅಂಥ ಕೆಲಸಕ್ಕೇ ಹೆಸರಾದವನು. ಸತ್ತವರ ಫೋಟೋ ಕೊಟ್ಟರೆ ಕಣ್ಣು ತೆರೆದು ಬರೆದುಕೊಡುತ್ತಿದ್ದ. ಮುಖವನ್ನು ಫೋಟೋದಿಂದ ಎತ್ತುವನು, ಕಣ್ಣಿಗೆ ಮಾತ್ರ ರಕ್ತಸಂಬಂಧಿ ಒಬ್ಬರನ್ನು ಎದುರಿಗೆ ಕೂರಿಸಿಕೊಳ್ಳುವನು. ಮೊದಲು ಕುಬೇರಪ್ಪನನ್ನೇ ಕೂರಿಸಿದರು. ಅವನಿಗೆ ಆಗ ಹದಿನೇಳು. ಅವನ ಕಣ್ಣು ತಾಯಿಯವು, ಗುಂಡಗೆ, ಕರಿ. ಬರೆದು ನೋಡಿದರೆ ಗೌಡರು ಗೌಡ್ತಿಯ ಅಣ್ಣನ ಹಾಗೆ ಕಾಣತೊಡಗಿದರು. ಅಳಿಸಿದ್ದಾಯಿತು. ಗೌಡರ ಬೆಕ್ಕಿನ ಕಣ್ಣು ವಾಡೆಯಲ್ಲಿ ಇನ್ನೊಬ್ಬರಿಗೆ ಇರಲಿಲ್ಲ. ಕೊನೆಗೆ ಬೀಸುವ ಕೆಲಸದ ಫಕೀರವ್ವ ಕಲ್ಲು ತಿರುವುತ್ತಲೇ ಅಂದಳಂತೆ, "ಆ ಕಣ್ಣ ಕೆಳಗೋಣ್ಯಾಗ ಅದಾವಲ್ರಿ, ಲಕ್ಷ್ಮವ್ವನ ಮಗಳ ಹತ್ರ."

ಕರೆಸಿದರು. ಮುಂಬಾಗಿಲಿಂದ ಅಲ್ಲ, ದನದ ಕೊಟ್ಟಿಗೆಯ ಬಾಗಿಲಿಂದ. ಲಕ್ಷ್ಮವ್ವನನ್ನು ಕೊಟ್ಟಿಗೆಯಲ್ಲೇ ನಿಲ್ಲಿಸಿದರು. ಹುಡುಗಿಯನ್ನು ಪಡಸಾಲೆಗೆ ಒಯ್ದು ಪೇಂಟರನ ಮುಂದೆ ಕೂರಿಸುವಾಗ ಗೌಡ್ತಿ ಒಂದು ಟಾವೆಲ್ ತಂದು, ಮೂಗಿನ ಕೆಳಗೆ ಒಂದು ಸುತ್ತು, ಹಣೆಯ ಮೇಲೆ ಒಂದು ಸುತ್ತು ಬಿಗಿದಳು. "ಕಣ್ಣಷ್ಟ ಕಂಡ್ರ ಸಾಕು. ಆಕಿ ಮಾರಿ ನನಗ ಕಾಣಬಾರ್ದು" ಅಂದಳು. ಏಳು ದಿನ ಹಾಗೆ ಕೂತಿದ್ದಳು ಒಂಬತ್ತು ವರ್ಷದ ಹುಡುಗಿ. ಪೇಂಟರ್ ಒಳ್ಳೆಯವನು. ಗೌಡ್ತಿ ಒಳಗೆ ಹೋದಾಗ ಟಾವೆಲ್ ಸಡಿಲ ಮಾಡಿ ನೀರು ಕುಡಿಸುತ್ತಿದ್ದನಂತೆ.

ಆದರೆ ಆ ಒಳ್ಳೆಯವನು ಒಂದು ತಪ್ಪು ಮಾಡಿದ. ಕಣ್ಣಿಗೆ ಕಂಡದ್ದನ್ನು ಬಿಡದೆ ಬರೆಯುವ ಮನುಷ್ಯ, ಹುಡುಗಿಯ ಎಡಗಣ್ಣಿನ ಚುಕ್ಕೆಯನ್ನೂ ಬರೆದುಬಿಟ್ಟ.

"ಅಪ್ಪನ ಕಣ್ಣಾಗ ಚುಕ್ಕಿ ಇರ್ಲೇ ಇಲ್ಲ, ನಂದಾ" ಅಂದರು ಅತ್ತೆ. "ನನಗ ಗೊತ್ತಿಲ್ಲೇನು? ಸಂಜೀಕ ಬಂದಾಂವ ನನ್ನ ತೊಡಿ ಮ್ಯಾಲ ಕುಂದ್ರಸ್ಕೊಂಡು ಗದ್ದ ಹಿಡದ ಎತ್ತತಿದ್ದ. 'ಸಾವೀ, ನಿನ್ನ ಕಣ್ಣಾಗ ಎಳ್ಳ ಬಿದ್ದೈತಿ, ತಡಿ ತೆಗೀತೀನಿ' ಅಂತ ಉಫ್ ಅಂತ ಊದತಿದ್ದ. ದಿನಾ ಊದತಿದ್ದ. ದಿನಾ 'ಹೋಗಲಿಲ್ಲಲ್ಲೇ' ಅಂತಿದ್ದ."

"ಮತ್ತ ಚಿತ್ರ ನೋಡಿ ವಾಡೇದವ್ರಿಗೆ ಗೊತ್ತಾಗಲಿಲ್ಲೇನ್ರಿ?" ಎಂದು ಕೇಳಿದೆ.

"ಅವ್ರು ಯಾವಾಗ ಅವನ ಕಣ್ಣ ನೋಡ್ಯಾರ? ಅವನ ಮುಂದ ಎಲ್ಲಾರೂ ನೆಲಾ ನೋಡ್ಕೊಂತ ನಿಂತವ್ರ."

ತಿಥಿಯ ದಿನ ಚಿತ್ರಕ್ಕೆ ಹಾರ ಹಾಕಿದರು, ಊರಿಗೆ ಊಟ ಹಾಕಿದರು. ತನ್ನ ಕಣ್ಣು ಹೇಗೆ ಬಂದಿವೆ ನೋಡಬೇಕೆಂದು ಹುಡುಗಿ ಓಡಿಹೋದಳು. ಮುಂಬಾಗಿಲಲ್ಲಿ ನಿಂತಿದ್ದ ಕುಬೇರಪ್ಪ ಕೈ ಅಡ್ಡ ಹಾಕಿ, "ಯಾರಾಕಿ ನೀ?" ಎಂದು ಕೇಳಿದ. ಹಿಂದಿನ ವಾರ ಏಳು ದಿನ ಅದೇ ಪಡಸಾಲೆಯಲ್ಲಿ ಅವಳ ಎದುರಿಗೆ ಓಡಾಡಿದವನು. ಅದಾದ ಮೇಲೆ ಶಾಲೆಯ ಹಾಜರಿ ಪುಸ್ತಕದಲ್ಲಿ ಅವಳ ತಂದೆಯ ಹೆಸರಿನ ಮೇಲೆ ಹೆಡ್ ಮಾಸ್ತರು ಗೆರೆ ಎಳೆದರು. ವಾಡೆಯಿಂದ ಹೇಳಿಕಳಿಸಿದ್ದರಂತೆ. ಗೆರೆ ನೋಡಿದ ದಿನವೇ ಅವಳು ಪಾಟಿ ಒಡೆದು ಮನೆಗೆ ಬಂದಳು. ಮತ್ತೆ ಶಾಲೆಗೆ ಹೋಗಲಿಲ್ಲ. ಆ ವಾಡೆಯ ಮುಂದಿನ ದಾರಿಯನ್ನೂ ತುಳಿಯಲಿಲ್ಲ. ಮೊನ್ನೆಮೊನ್ನೆಯವರೆಗೂ ಬಸ್ ಸ್ಟ್ಯಾಂಡಿಗೆ ಹೋಗಬೇಕಾದರೆ ಅತ್ತೆ ಹಿಂದಿನ ಓಣಿ ಸುತ್ತಿ ಹೋಗುತ್ತಿದ್ದರು.

ಐತವಾರ ಅತ್ತೆ ಈರೇಶನ ಮದುವೆಯ ಹಸಿರು ಇಳಕಲ್ ಸೀರೆ ತೆಗೆದು ಉಟ್ಟರು. ಉಗುರಿನ ಸಂದಿಯ ಖಾರದ ಕೆಂಪು ಎಷ್ಟು ತಿಕ್ಕಿದರೂ ಹೋಗಲಿಲ್ಲ, ಬಿಟ್ಟರು. ಟಿಕೆಟ್ ಮೇಜಿನಲ್ಲಿ ನಮ್ಮ ಓಣಿಯ ನಿಜಾಮಸಾಬ ಕೂತಿದ್ದ.

"ಒಬ್ರಿಗೆ ಇಪ್ಪತ್ತು ರೂಪಾಯಿ ಅಕ್ಕಾ" ಎಂದ, ತಲೆ ಎತ್ತದೆ.

"ನಮ್ಮಪ್ಪನ್ನ ನೋಡಾಕೂ ಟಿಕೀಟ ಏನೊ, ನಿಜಾಮಾ?"

"ನನ್ನ ಕೈಯಾಗೇನೈತಿ ಅಕ್ಕಾ. ಪಗಾರದ ಮನಿಶ್ಯಾ ನಾ."

ಅತ್ತೆ ದುಡ್ಡು ಕೊಟ್ಟು, ಮುಂಬಾಗಿಲಿನ ಹೊಸ್ತಿಲನ್ನು ದಾಟಿದರು. ದಾಟುವಾಗ ನನ್ನ ರಟ್ಟೆ ಹಿಡಿದಿದ್ದರು. ಬಿಗಿ ಎಷ್ಟಿತ್ತೆಂದರೆ ಮರುದಿನವೂ ನೋವಿತ್ತು.

ಒಳಗೆ ಕಂಬಗಳು ಮಿರಮಿರ ಮಿಂಚುತ್ತಿದ್ದವು. ಒಂದು ಮೂಲೆಯಲ್ಲಿ ಬೀಸುವ ಕಲ್ಲು, ಒನಕೆ, ಕೊಳಗ ಇಟ್ಟು, ಹಗ್ಗ ಕಟ್ಟಿ, ಮುಟ್ಟಬಾರದು ಎಂದು ಬರೆದಿದ್ದರು. ಆ ಕಲ್ಲು ತಿರುವಿ ತಿರುವಿ ಅಂಗೈ ಸವೆಸಿಕೊಂಡ ಫಕೀರವ್ವನ ಹೆಸರು ಎಲ್ಲೂ ಇರಲಿಲ್ಲ. ಗೋಡೆಯ ಮೇಲೆ ಒಂಬತ್ತು ಚಿತ್ರಗಳು, ಒಂಬತ್ತೂ ಗಂಡಸರವೇ. ಮನೆತನದ ಮುಖಗಳಂತೆ. ಹೆತ್ತವರಿಗೆ ಮುಖವೇ ಇರಲಿಲ್ಲವೇನೋ. ನನಗೆ ಅಲ್ಲಿಯೇ ನೆತ್ತಿ ಬಿಸಿಯಾಗತೊಡಗಿತು.

ನಡುವಿನ ಚಿತ್ರ ಅಂದಾನೆಪ್ಪಗೌಡರದು, ಆಳೆತ್ತರ. ಮೇಲೆ ಪುಟ್ಟ ದೀಪ ಹಾಕಿದ್ದರು. ಅತ್ತೆ ಎದುರಿಗೆ ಹೋಗಿ ನಿಂತರು. ನಾನು ಚಿತ್ರವನ್ನೂ ಅವರನ್ನೂ ನೋಡಿದೆ. ಬಣ್ಣ ಅದೇ, ರೆಪ್ಪೆ ಬಾಗಿದ್ದು ಅದೇ, ಚುಕ್ಕೆ ಕೂತ ಜಾಗ ಅದೇ. ಮೀಸೆ ಹೊತ್ತ ಗಂಡಸಿನ ಮುಖದೊಳಗಿಂದ ನಮ್ಮ ಅತ್ತೆ ನೋಡುತ್ತಿದ್ದರು. ಅದೂ ಹೆದರಿದ ಹುಡುಗಿಯ ನೋಟ. ಟಾವೆಲ್ ಬಿಗಿದುಕೊಂಡು ಕೂತ ಹುಡುಗಿಯ ನೋಟ ಅದು ಎಂದು ಗೊತ್ತಿದ್ದವರಿಗೆ ಮಾತ್ರ ಗೊತ್ತಾಗುವಂಥದು.

ಆ ಹೊತ್ತಿಗೆ ಪ್ರಭುಗೌಡನ ಮಗಳು ಅಮೃತಾ ಇಪ್ಪತ್ತು ಮೂವತ್ತು ಜನರನ್ನು ಕರೆದುಕೊಂಡು ಬಂದಳು. ಧಾರವಾಡದಲ್ಲಿ ಓದುವ ಹುಡುಗಿ. ಬಂದವರಿಗೆ ಚಿತ್ರಗಳನ್ನು ವಿವರಿಸುತ್ತಿದ್ದಳು. ಹಿಂದೆ ಪ್ರಭುಗೌಡ, ಅವನ ಜೊತೆ ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತಿದ್ದ ಇಬ್ಬರು. ಗಾಲಿಕುರ್ಚಿಯಲ್ಲಿ ಕುಬೇರಪ್ಪ. ಎಪ್ಪತ್ತೆಂಟು ವರ್ಷ, ಮಡಿಲಲ್ಲಿ ಶಾಲು.

"ಇವರು ನಮ್ಮ ಮುತ್ತಜ್ಜ" ಎಂದಳು ಅಮೃತಾ. "ಎಡಗಣ್ಣಿನ ಚುಕ್ಕೆ ನೋಡ್ರಿ. ನಮ್ಮ ಮನೆತನದಾಗ ಹಿಂದಿನವ್ರಿಗೆಲ್ಲಾ ಇತ್ತಂತ. ಈಗಿನವ್ರಿಗೆ ಯಾರಿಗೂ ಉಳದಿಲ್ರಿ."

ಹೇಳುತ್ತ ತಿರುಗಿದವಳ ಮಾತು ನಿಂತಿತು. ಅತ್ತೆಯ ಮೇಲೆ ದೀಪದ ಬೆಳಕು ಬಿದ್ದಿತ್ತು.

"ಅಜ್ಜಿ, ನಿಮ್ಮ ಕಣ್ಣಾಗೂ ಐತಲ್ರಿ" ಎಂದಳು.

ಜನ ಮುಂದೆ ಬಂದರು. ಒಬ್ಬರು ಅತ್ತೆಯನ್ನು ನೋಡುವರು, ಒಬ್ಬರು ಚಿತ್ರ ನೋಡುವರು. ಹಿಂದಿನಿಂದ ಯಾರೋ, "ಹೌದ್ಲೇ, ಅದ ಚುಕ್ಕಿ. ಅಂದಮ್ಯಾಗ ಗೌಡ್ರ ಮಗಳು ಅನ್ನೂದು ಖರೇನ ಆತು" ಅಂದರು. ಅರವತ್ತೊಂದು ವರ್ಷ ಪಿಸುಗುಟ್ಟಿದ ಊರು ಅವತ್ತು ಬಾಯಿಬಿಟ್ಟು ಹೇಳಿತು.

ಪ್ರಭುಗೌಡ ಬುದ್ಧಿವಂತ. ಒಂದು ಗಳಿಗೆ ಮೊಬೈಲುಗಳ ಕಡೆ ನೋಡಿದ, ಒಂದು ಗಳಿಗೆ ಅತ್ತೆಯ ಕಡೆ. ಅವನ ತಲೆಯಲ್ಲಿ ಏನು ಓಡಿತೆಂದು ನನಗೆ ಕನ್ನಡಿಯ ಹಾಗೆ ಕಂಡಿತು. ಜಮೀನು ಗೇಣಿದಾರರಿಗೆ ಹೋಗಿ ಎಷ್ಟೋ ಕಾಲವಾಯಿತು, ವಾಡೆ ಟ್ರಸ್ಟಿಗೆ ಹೋಯಿತು. ಉಳಿದದ್ದು ಹೆಸರೊಂದೇ. ಹೆಸರಿನಲ್ಲಿ ಪಾಲು ಕೊಟ್ಟರೆ ಕೈಯಿಂದ ಏನೂ ಹೋಗುವುದಿಲ್ಲ. ಮೇಲಾಗಿ ರಕ್ತದ ಗುರುತು ಹೊತ್ತ ಜೀವಂತ ಹೆಂಗಸೇ ಸಿಕ್ಕಂತಾಯಿತು. ಅವನು ಕುಬೇರಪ್ಪನ ಮಡಿಲಿನ ಶಾಲು ಎತ್ತಿಕೊಂಡ.

"ಅತ್ತೀ, ಬರ್ರಿ. ಇಲ್ಲೆ ಅಜ್ಜಾನ ಬಾಜೂ ನಿಂದರ್ರಿ" ಎಂದ. "ನೋಡ್ರಿ, ಇವ್ರು ನಮ್ಮ ಸೋದರತ್ತಿ. ರಕ್ತ ಎಲ್ಲಿದ್ರೂ ಮುಚ್ಚಿಡಾಕ ಆಗೂದಿಲ್ಲ ಅನ್ನಾಕ ಇದ ಸಾಕ್ಷಿ."

ಅತ್ತೀ. ಈ ಒಂದು ಮಾತಿಗೆ ಅವರು ಎಷ್ಟು ಕಾದಿದ್ದರೆಂದು ನನಗೆ ಗೊತ್ತು. ಅದೇ ಬಾಗಿಲಲ್ಲಿ "ಯಾರಾಕಿ ನೀ" ಎಂದು ಕೇಳಿಸಿಕೊಂಡವರು. ಈಗ ಏನೂ ಮಾಡಬೇಕಾಗಿರಲಿಲ್ಲ, ಸುಮ್ಮನೆ ನಿಂತರೆ ಸಾಕಿತ್ತು. ನಾನು ಅವರ ಸೆರಗು ಜಗ್ಗಿ, "ಸುಮ್ನಿರ್ರಿ ಅತ್ತೀ" ಎಂದು ಪಿಸುಗುಟ್ಟಿದೆ. ಹೌದು, ನಾನೇ ಅಂದೆ. ಬಾಯಿ ಮುಚ್ಚಿಕೊಂಡಿರಿ ಎಂದು ಜನ್ಮದಲ್ಲಿ ಯಾರಿಗೂ ಹೇಳದವಳು ಅವತ್ತು ಹೇಳಿದೆ.

ಅತ್ತೆ ಶಾಲು ಹೊದಿಸಲು ಬಂದ ಕೈಯನ್ನು ತಡೆದರು.

"ನಮ್ಮಪ್ಪನ ಕಣ್ಣಾಗ ಚುಕ್ಕಿ ಇರಲಿಲ್ಲ" ಅಂದರು.

ಪ್ರಭುಗೌಡನಿಗೆ ಅರ್ಥವಾಗಲಿಲ್ಲ. "ಏನಂದ್ರಿ?"

"ಆ ಚುಕ್ಕಿ ನಂದು. ಆ ಕಣ್ಣೂ ನನ್ನವ. ನಿಮ್ಮಜ್ಜಿ ನನ್ನ ಮಾರಿಗೆ ಟಾವೆಲ್ ಕಟ್ಟಿ, ಇದ ಪಡಸಾಲ್ಯಾಗ ಏಳ ದಿನ ಕುಂದ್ರಸಿ ಬರಸ್ಕೊಂಡಾಳ. ಪೇಂಟರ್ ನೋಡಿದ್ದ ನೋಡ್ದಂಗ ಬರದ. ನೀವು ಅದಕ್ಕ ರಕ್ತದ ಗುರ್ತು ಅಂತ ಹೆಸರಿಟ್ಟೀರಿ. ಹೆಣದ ಫೋಟೋದಾಗ ಕಣ್ಣ ಮುಚ್ಚಿದ್ವು, ಹೊಳ್ಳಿ ತಗಸಿದಾಕಿ ನಾನು. ಆಮ್ಯಾಲ ನನ್ನನ್ನ ಬಾಗಲದಾಗ ನಿಂದ್ರಸಿ ಯಾರಾಕಿ ಅಂತ ಕೇಳಿದ್ರಿ. ಖರೇನೊ ಸುಳ್ಳೊ ನಿಮ್ಮಪ್ಪನ್ನ ಕೇಳು."

ಎಲ್ಲರೂ ಗಾಲಿಕುರ್ಚಿಯ ಕಡೆ ತಿರುಗಿದರು. ಕುಬೇರಪ್ಪ ತೆರೆದ ಮಡಿಲನ್ನು ನೋಡುತ್ತ ಕೂತಿದ್ದರು.

"ಹೇಳಣ್ಣಾ" ಅಂದರು ಅತ್ತೆ. ದನಿ ಏರಿಸಲಿಲ್ಲ. "ಅಪ್ಪನ ಕಣ್ಣಾಗ ಚುಕ್ಕಿ ಇತ್ತೇನು? ನೀ ಒಂದಿನಾರ ಅವನ ಕಣ್ಣಾಗ ಕಣ್ಣಿಟ್ಟ ನೋಡೀಯೇನು?"

ಕುಬೇರಪ್ಪ ಚಿತ್ರದ ಕಡೆ ತಲೆ ಎತ್ತಿದರು. "ಮೊದಲ ನನ್ನ ಕುಂದ್ರಸಿದ್ರು" ಎಂದರು. "ನನ್ನವು ಹೊಂದಲಿಲ್ಲ."

"ಅಪ್ಪಗ ಈಗ ನೆನಪು ಬರೋಬ್ಬರಿ ಇರಂಗಿಲ್ಲ" ಎಂದು ಪ್ರಭುಗೌಡ ನಡುವೆ ಬಾಯಿ ಹಾಕಿದ. ಕುರ್ಚಿಯನ್ನು ತಿರುಗಿಸಿ ಒಳಗೆ ದೂಡಿಕೊಂಡು ಹೋದ. ಮೊಬೈಲಿನವರು ಮೊಬೈಲು ಜೇಬಿಗೆ ಹಾಕಿದರು. ಅಮೃತಾ ಮಾತ್ರ ಅಲ್ಲೇ ನಿಂತಿದ್ದಳು.

ದಾರಿಯುದ್ದಕ್ಕೂ ನಾನು ಅತ್ತೆಯ ಜೊತೆ ಜಗಳಾಡಿದೆ. ಆಡಲೇಬೇಕಿತ್ತು. ಕೈಗೆ ಬಂದದ್ದನ್ನು ಕಾಲಿನಿಂದ ಒದ್ದರಲ್ಲ ಎಂದು ನನ್ನ ಹೊಟ್ಟೆ ಉರಿಯುತ್ತಿತ್ತು.

"ಒಂದ ನಿಮಿಷ ಸುಮ್ನಿದ್ದಿದ್ರ ಏನ್ ಗಂಟ ಹೋಗ್ತಿತ್ರಿ? ಊರ ಮುಂದ ಮಗಳಾಗ್ತಿದ್ರಿ."

ಅತ್ತೆ ನಡುಬೀದಿಯಲ್ಲಿ ನಿಂತರು. "ಚುಕ್ಕಿ ನೋಡಿ ಮಗಳು ಅಂತಾರೇನು ನನ್ನ? ನಾ ಏನ್ ಸಂತಿ ಎತ್ತೇನ ಬೇ, ಸುಳಿ ನೋಡಿ ಹಿಡಿಯಾಕ?" ಅಂದರು. "ಅವನ ತೊಡಿ ಮ್ಯಾಲ ಕುಂತಾಕಿ ನಾನು. ಅವನ ಕಣ್ಣಾಗ ಏನಿತ್ತು, ಏನಿರಲಿಲ್ಲ ಅಂತ ಈ ಊರಾಗ ನನಗೊಬ್ಬಾಕಿಗೆ ಗೊತ್ತು. ಅದನ್ನ ಸುಳ್ಳ ಮಾಡಿ ಅವರ ಶಾಲ ಹೊಚಗೋಬೇಕಿತ್ತೇನು?"

ಚುಕ್ಕೆ ಇತ್ತು ಎನ್ನುವವರು ಚಿತ್ರವನ್ನು ನೋಡಿದವರು. ಇರಲಿಲ್ಲ ಎಂದು ಹೇಳಬಲ್ಲವಳು ಮಗಳೊಬ್ಬಳೇ. ಇಷ್ಟು ಓದಿದ ನನಗೆ ಅದು ಹೊಳೆದಿರಲಿಲ್ಲ.

ಫೆಬ್ರುವರಿ ಕೊನೆಗೆ ಹೆಡ್ ಮಾಸ್ತರು ನನ್ನ ತರಗತಿಯ ಮಕ್ಕಳನ್ನು ವಾಡೆ ತೋರಿಸಿಕೊಂಡು ಬನ್ನಿ ಎಂದರು. ಒಲ್ಲದ ಮನಸ್ಸಿನಿಂದ ಹೋದೆ. ಅಂದಾನೆಪ್ಪಗೌಡರ ಚಿತ್ರದ ಕೆಳಗಿನ ಬರಹ ಹೊಸದಾಗಿತ್ತು. ರಕ್ತವೂ ಇಲ್ಲ, ಗುರುತೂ ಇಲ್ಲ, ಹೆಸರು ಮತ್ತು ಇಸವಿ ಅಷ್ಟೇ. ತಲೆ ಎತ್ತಿ ನೋಡಿದೆ. ಎಡಗಣ್ಣಿನಲ್ಲಿ ಚುಕ್ಕೆ ಇರಲಿಲ್ಲ. ಅದಿದ್ದ ಜಾಗದಲ್ಲಿ ಬಣ್ಣ ತುಸು ಹೊಸದಾಗಿ ಹೊಳೆಯುತ್ತಿತ್ತು.

ಮಕ್ಕಳನ್ನು ಹೇಗೆ ಶಾಲೆಗೆ ತಂದು ಬಿಟ್ಟೆನೋ ಗೊತ್ತಿಲ್ಲ. ಗಿರಣಿಗೆ ಹೋಗಿ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಕಣ್ಣು ಕೊಟ್ಟವಳನ್ನು ಹೊರಗೆ ಹಾಕಿದರು, ಉಳಿದಿದ್ದ ಒಂದು ಚುಕ್ಕೆಯನ್ನೂ ಅಳಿಸಿದರು, ಇವರ ಮನೆ ಎಕ್ಕುಟ್ಟಿ ಹೋಗಲಿ ಎಂದೆ. ಅತ್ತೆ ಜರಡಿ ಹಿಡಿಯುತ್ತಿದ್ದರು. ನನ್ನ ಉಸಿರು ಮುಗಿಯುವವರೆಗೂ ಜರಡಿ ನಿಲ್ಲಲಿಲ್ಲ.

"ಚುಕ್ಕಿ ಅಷ್ಟ ಒರಸ್ಯಾರೊ, ಕಣ್ಣೂ ಒರಸ್ಯಾರೊ?" ಎಂದು ಕೇಳಿದರು.

"ಚುಕ್ಕಿ ಅಷ್ಟರಿ."

"ಅಪ್ಪ ಊದಿ ಊದಿ ಸಾಕಾದ, ಹೋಗಿರಲಿಲ್ಲ" ಅಂದರು. ಆಮೇಲೆ ಜರಡಿ ಕೆಳಗಿಟ್ಟು, ಖಾರದ ಕೈಯನ್ನು ಸೀರೆಗೆ ಒರೆಸಿಕೊಂಡು ಎದ್ದರು. "ನಡೀ."

ಸೀರೆ ಬದಲಿಸಲಿಲ್ಲ. ಹಿಂದಿನ ಓಣಿ ಹಿಡಿಯಲಿಲ್ಲ. ನಿಜಾಮಸಾಬ ಈ ಸಲ ಟಿಕೆಟ್ ಹರಿಯಲಿಲ್ಲ, ಅತ್ತೆಯೇ ನಲವತ್ತು ರೂಪಾಯಿ ಮೇಜಿನ ಮೇಲಿಟ್ಟರು. ಚಿತ್ರದ ಮುಂದೆ ನಿಂತರು. ಮಧ್ಯಾಹ್ನ, ಒಳಗೆ ನಾವಿಬ್ಬರೇ. ಬಹಳ ಹೊತ್ತು ನೋಡಿದರು. ಅವರ ಮುಖ ಒಮ್ಮೆ ಸಡಿಲಾಯಿತು, ಸಂಜೆ ಮನೆಗೆ ಬಂದವರನ್ನು ನೋಡುವಾಗ ಆಗುವ ಹಾಗೆ.

"ಈಗ ಬರೋಬ್ಬರಿ ಆತು" ಅಂದರು. "ಹಿಂಗ ಇದ್ದ ನಮ್ಮಪ್ಪ."

ಅಳುತ್ತಾರೇನೋ ಅಂದುಕೊಂಡೆ. ಅಳಲಿಲ್ಲ. ಮರುಗಳಿಗೆಗೆ ಹುಬ್ಬು ಗಂಟಾಯಿತು, ಹಳೆಯ ಸಿಟ್ಟು ಬಂದು ತನ್ನ ಜಾಗದಲ್ಲಿ ಕೂತಿತು. ಟಿಕೆಟ್ ಮೇಜಿನ ಮೇಲೆ ನೋಡಲು ಬಂದವರು ಅಭಿಪ್ರಾಯ ಬರೆಯಲೆಂದು ಒಂದು ಪುಸ್ತಕ ಇಟ್ಟಿದ್ದರು, ದಾರ ಕಟ್ಟಿದ ಪೆನ್ನಿನ ಜೊತೆ. ಸುಂದರ, ಅಮೋಘ, ಹೆಮ್ಮೆ ಎಂದೆಲ್ಲ ಬರೆದಿದ್ದರು. ಅತ್ತೆ ಅದನ್ನು ತಮ್ಮ ಕಡೆ ಎಳೆದುಕೊಂಡರು.

"ನಾ ಬರೀಲೇನ್ರಿ ಅತ್ತೀ? ನೀವ್ ಹೇಳ್ರಿ" ಎಂದೆ.

"ಯಾಕ, ನನಗ ಕೈ ಇಲ್ಲೇನು?"

ಮೂರನೇ ಇಯತ್ತೆಯ ಅಕ್ಷರ, ಒಂದೊಂದೂ ಹುಣಸೆಬೀಜದಷ್ಟು ದಪ್ಪ. ನಡುವೆ ಎರಡು ಸಲ ನಿಂತು ತಲಕಟ್ಟು ಸರಿಯಿದೆಯೇ ಎಂದು ನನ್ನನ್ನು ಕೇಳಿದರು. ಬರೆದು ಮುಗಿಸಲು ಹತ್ತು ನಿಮಿಷ ಹಿಡಿಯಿತು. ಪುಟದ ಮೇಲೆ ಖಾರದ ಕೆಂಪು ಬೆರಳಚ್ಚು ಬಿದ್ದಿತ್ತು.

"ಚುಕ್ಕಿ ಒರಸೀರಿ. ಕಣ್ಣು ಇನ್ನೂ ನನ್ನವ ಅದಾವ. ಸಾವಿತ್ರೆವ್ವ ಅಂದಾನೆಪ್ಪಗೌಡ ಪಾಟೀಲ."

ಆಧಾರ್ ಕಾರ್ಡಿನಲ್ಲಿ, ರೇಶನ್ ಕಾರ್ಡಿನಲ್ಲಿ, ಗಿರಣಿಯ ಕರೆಂಟ್ ಬಿಲ್ಲಿನಲ್ಲಿ ಎಲ್ಲೂ ಇಲ್ಲದ ಹೆಸರು ಅದು. ಶಾಲೆಯಲ್ಲಿ ಗೆರೆ ಎಳೆದ ಮೇಲೆ ಅವರು ಅದನ್ನು ಬರೆದದ್ದು ಅವತ್ತೇ.

ನಿಜಾಮಸಾಬ ಓದಿಕೊಂಡ. ಬಾಗಿಲ ಕಡೆ ಒಮ್ಮೆ ನೋಡಿ, "ಪ್ರಭುಗೌಡ್ರ ಕಣ್ಣಿಗೆ ಬಿದ್ರ ಈ ಹಾಳಿ ಹರದ ಒಗೀತಾರ ಅಕ್ಕಾ" ಎಂದ.

"ಹರೀಲಿ" ಅಂದರು ಅತ್ತೆ, ಮೆಟ್ಟಿಲು ಇಳಿಯುತ್ತ.

ಅವನು ಆ ಹಾಳೆಯನ್ನು ಮೆಲ್ಲಗೆ ಎತ್ತಿ ನನಗೆ ತೋರಿಸಿದ. ಅತ್ತೆ ಪೆನ್ನನ್ನು ಎಷ್ಟು ಒತ್ತಿ ಬರೆದಿದ್ದರೆಂದರೆ, ಕೆಳಗಿನ ನಾಲ್ಕು ಖಾಲಿ ಹಾಳೆಗಳ ಮೇಲೂ ಅವರ ಅಪ್ಪನ ಹೆಸರು ಅಚ್ಚೊತ್ತಿತ್ತು.